‘ಅಲೇ’: ಕೇಳಿಬಂದ ಉದಾಹರಣೆಗಳು

ಲಿಯೋಂ, 12 ಜನವರಿ 1958

ಲಾ ಶಾಮೆತ್ ಗ್ರಾಮದ ಮೇಯರ್ ಅವರಿಗೆ,

ಮಾನ್ಯರೆ,

ನಾವು ಇಲ್ಲಿ ಫ್ರೆಂಚ್ ಭಾಷೆಯ ಒಂದು ದೊಡ್ಡ ನಿಘಂಟನ್ನು ಸಿದ್ಧಪಡಿಸುತ್ತಿದ್ದೇವೆ. ದೊಡ್ಡದು ಎಂದ ಮಾತ್ರಕ್ಕೆ ಅರಮನೆಯನ್ನು ಊಹಿಸಿಕೊಳ್ಳಬೇಡಿ. ನಾಲ್ಕು ಕೋಣೆ, ಹನ್ನೊಂದು ಜನ, ನೆಲದಿಂದ ಸೂರಿನವರೆಗೆ ಚೀಟಿಗಳ ಪೆಟ್ಟಿಗೆ. ನನ್ನ ಪಾಲಿಗೆ ಬಂದಿರುವುದು ‘ಅಲೇ’: ಹೋಗುವುದು ಎನ್ನಲು ನಾವೆಲ್ಲ ದಿನಕ್ಕೆ ನೂರು ಸಲ ಬಾಯಿಗೆ ತಂದುಕೊಳ್ಳುವ ಕ್ರಿಯಾಪದ.

ಪುಸ್ತಕಗಳಿಂದ ಆಯ್ದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೆಟ್ಟದ ಊರುಗಳಲ್ಲಿ ಜನ ಈ ಪದವನ್ನು ಹೇಗೆ ಆಡುತ್ತಾರೆ ಎಂಬುದು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ತಮ್ಮ ಊರಿನಲ್ಲಿ ಮಾತಿನ ಮೇಲೆ ಗಮನವಿರುವ ಯಾರಾದರೊಬ್ಬರಿಗೆ ಈ ಜೊತೆಗಿರುವ ಚೀಟಿಗಳನ್ನು ಕೊಟ್ಟು ತುಂಬಿಸಿ ಕಳಿಸಬೇಕೆಂದು ವಿನಂತಿ.

ನಮ್ಮ ನಿಯಮ ಒಂದೇ. ಯಾವ ವಾಕ್ಯವನ್ನೂ ಕಲ್ಪಿಸಿ ಬರೆಯಬಾರದು. ಯಾರೋ ನಿಜವಾಗಿ ಆಡಿದ್ದನ್ನು ನೀವು ನಿಜವಾಗಿ ಕೇಳಿರಬೇಕು. ಪ್ರತಿ ಚೀಟಿಯಲ್ಲಿ ಯಾರು ಹೇಳಿದರು, ಯಾವಾಗ, ಎಲ್ಲಿ, ಯಾರಿಗೆ ಎಂಬ ನಾಲ್ಕನ್ನೂ ತುಂಬಬೇಕು. ಇದರಲ್ಲಿ ಒಂದು ತಪ್ಪಿದರೂ ಚೀಟಿಯನ್ನು ನಾವು ತೆಗೆದುಕೊಳ್ಳುವುದಿಲ್ಲ.

ವಂದನೆಗಳೊಂದಿಗೆ,
ಇರೇನ್ ವೆರ್ಮೊರೆಲ್
(ನಿವೃತ್ತ ಶಾಲಾ ಶಿಕ್ಷಕಿ)


ಲಾ ಶಾಮೆತ್, 3 ಫೆಬ್ರುವರಿ 1958

ಮೇಡಂ ವೆರ್ಮೊರೆಲ್ ಅವರಿಗೆ,

ನಿಮ್ಮ ಕಾಗದವನ್ನು ಮೇಯರ್ ಒಂದು ವಾರ ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ನಮ್ಮ ಕಾಫಿ ಅಂಗಡಿಗೆ ತಂದು ಗಲ್ಲಾದ ಮೇಲೆ ಎಸೆದರು. “ನೀನೇ ಬರ್ದ್ ಹಾಕಮ್ಮ. ಈ ಊರಲ್ಲಿ ನಿನ್ನಷ್ಟು ಬಾಯಿ ಯಾರಿಗಿದೆ?” ಎಂದರು. ನಾನು ಇಲ್ಲ ಎನ್ನುವವಳಿದ್ದೆ. ಕೆಳಗಿದ್ದ ರುಜು ನೋಡಿದ ಮೇಲೆ ಹೂಂ ಎಂದೆ.

ಬಾಯಿಗೆ ಬೀಗವಿಲ್ಲದವರು ದಿನವಿಡೀ ಕೂರುವ ಜಾಗ ನನ್ನದು. ಆದ್ದರಿಂದ ನಿಮಗೆ ಚೀಟಿಗೆ ಬರವಿಲ್ಲ. ತುಂಬಿ ಕಳಿಸಿದ್ದೇನೆ. ಓದುವಾಗ ಗೊಂದಲವಾಗದಿರಲೆಂದು ಇಲ್ಲಿ ಮೂರರ ಸಂದರ್ಭ ಹೇಳುತ್ತೇನೆ.

ಒಂದು: ಗಡಿಯಾರ. ನಮ್ಮ ಚರ್ಚಿನ ಗಡಿಯಾರ ಯಾವಾಗಲೂ ಅರ್ಧ ಗಂಟೆ ಮುಂದೆ. ಮೇಯರ್ ಪಾದ್ರಿಗಳಿಗೆ ಹೇಳಿದ್ದು: “ಸ್ವಾಮಿ, ನಿಮ್ಮ ಗಡಿಯಾರ ಹೋಗೋದೇನೋ ಹೋಗ್ತಿದೆ. ನಮ್ಮನ್ನ ಬಿಟ್ಟು ಹೋಗ್ತಿದೆ ಅಷ್ಟೆ.” ಜನವರಿ 26, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ಮೆಟ್ಟಿಲ ಮೇಲೆ.

ಎರಡು: ತೊಟ್ಟದ್ದು ಒಪ್ಪಿದರೂ ‘ಹೋಗುತ್ತದೆ’ ಎನ್ನುವುದು. ಅಂಚೆಯವನ ಹೆಂಡತಿ ಹೊಸ ಟೋಪಿ ಹಾಕಿಕೊಂಡು ಬಂದು “ಇದು ನಂಗೆ ಹೋಗುತ್ತಾ?” ಎಂದು ಕೇಳಿದಳು. ನಮ್ಮಮ್ಮ ಆಲೂಗಡ್ಡೆ ಸುಲಿಯುತ್ತ ತಲೆಯೆತ್ತದೆ ಹೇಳಿದ್ದು: “ಹೋಗುತ್ತೆ, ಹೋಗುತ್ತೆ. ನಿನ್ ತಲೆಯಿಂದ ಇನ್ನೊಬ್ಬಳ ತಲೆಗೆ ಹೋದ್ರೆ ಇನ್ನೂ ಚೆನ್ನಾಗ್ ಹೋಗುತ್ತೆ.” ಆಕೆ ಈಗ ನಮ್ಮ ಅಂಗಡಿಗೆ ಬರುವುದಿಲ್ಲ.

ಮೂರು: ಸಾವು. ಬೆಳಿಗ್ಗೆ ಬೆಳಿಗ್ಗೆ ಹಾಲಿಗೆ ಬಂದ ಬಾರ್ತೆಲೆಮಿಯವರ ಹೆಂಡತಿ ಗಡಿಗೆ ಕೆಳಗಿಟ್ಟು ನನಗೆ ಹೇಳಿದ್ದು: “ಅವ್ರು ಹೋಗ್ಬಿಟ್ರು ಕಣೆ. ಇವತ್ತು ಅರ್ಧ ಲೀಟರ್ ಸಾಕು.” ಜನವರಿ 30. ಇದನ್ನು ಬರೆದುಕೊಳ್ಳುವುದು ಸರಿಯೋ ತಪ್ಪೋ ತಿಳಿಯಲಿಲ್ಲ. ನಿಮ್ಮ ನಿಯಮದಲ್ಲಿ ನಾಚಿಕೆಯ ಬಗ್ಗೆ ಏನೂ ಇರಲಿಲ್ಲ, ಆದ್ದರಿಂದ ಬರೆದೆ.

ಒಂದು ಪ್ರಶ್ನೆ. ಇಷ್ಟು ಸಣ್ಣ ಪದಕ್ಕೆ ಇಷ್ಟೊಂದು ಚೀಟಿ ಯಾಕೆ? ನಾನು ಓದಿದ ಶಾಲೆಯಲ್ಲಿ ಅದರ ಎಲ್ಲ ಕಾಲಗಳೂ ಒಂದೇ ನೋಟ್‌ಬುಕ್ಕಿನಲ್ಲಿ ಮುಗಿದುಹೋಗಿದ್ದವು.

ಇಂತಿ,
ಶ್ರೀಮತಿ ಕುದೇರ್


ಲಿಯೋಂ, 20 ಫೆಬ್ರುವರಿ 1958

ಶ್ರೀಮತಿ ಕುದೇರ್ ಅವರಿಗೆ,

ನಿಮ್ಮ ಚೀಟಿಗಳು ಬಂದ ದಿನ ನಮ್ಮ ಕೋಣೆಯಲ್ಲಿ ಎಲ್ಲರೂ ನಕ್ಕೆವು. ನಿಮ್ಮ ತಾಯಿಯವರ ಟೋಪಿಯ ಮಾತನ್ನು ನಾನು ಮೂರು ಸಲ ಗಟ್ಟಿಯಾಗಿ ಓದಬೇಕಾಯಿತು. ಇಲ್ಲಿ ನಗು ಅಪರೂಪ. ಅರ್ಧ ಲೀಟರ್ ಹಾಲಿನ ಚೀಟಿಯನ್ನು ಮಾತ್ರ ನಾನು ಯಾರಿಗೂ ಓದಿ ಹೇಳಲಿಲ್ಲ.

ಸಣ್ಣ ಪದ ಎಂದಿರಿ. ಅದರ ಕಥೆ ಕೇಳಿ. ಉಳಿದ ಕ್ರಿಯಾಪದಗಳೆಲ್ಲ ಒಂದೊಂದು ಮನೆಯಲ್ಲಿ ಹುಟ್ಟಿದವು. ಇದು ಹಾಗಲ್ಲ. ನಾನು ಹೋಗುತ್ತೇನೆ ಎನ್ನಲು ‘ಜ ವೆ’ ಎನ್ನುತ್ತೇವೆ, ಅವನಿಗೆ ‘ವಾ’. ಇವು ಬಂದದ್ದು ರೋಮನ್ನರ ‘ವಾದೆರೆ’ಯಿಂದ, ಬಿರುಸಾಗಿ ನಡೆದುಹೋಗುವ ಮಾತು ಅದು. ನಾವು ಹೋಗುತ್ತೇವೆ ಎಂದ ಕೂಡಲೇ ಎಲ್ಲ ಬದಲಾಗಿ ‘ನೂ ಜಲೋ’ ಆಗುತ್ತದೆ. ಇದು ಎಲ್ಲಿಂದ ಬಂತು ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಅಡ್ಡಾಡುವುದು ಎಂಬ ಅರ್ಥದ ‘ಆಂಬುಲಾರೆ’ ಸವೆದು ಸವೆದು ಹೀಗಾಗಿದೆ ಎಂದು ಹೆಚ್ಚಿನವರ ಮಾತು. ಇನ್ನು ಭವಿಷ್ಯತ್ತಿಗೆ ಬಂದರೆ ‘ಜಿರೆ’. ಅದು ಮೂರನೆಯ ಮನೆಯದು, ‘ಇರೆ’ ಎಂಬ ಪುಟ್ಟ ಹಳೆಯ ಪದ. ಅದು ತಾನಾಗಿ ಎಂದೋ ಅಳಿದುಹೋಯಿತು. ಮುಂದೆ ಹೋಗುವೆನೆಂದು ಹೇಳುವಾಗ ಮಾತ್ರ ಉಳಿದುಕೊಂಡಿದೆ. ಮೂರು ಹಳೆಯ ಅಂಗಿಗಳ ತುಂಡು ಸೇರಿಸಿ ಹೊಲಿದ ಒಂದು ಅಂಗಿಯನ್ನು ನಾವೆಲ್ಲ ತೊಟ್ಟು ತಿರುಗುತ್ತಿದ್ದೇವೆ. ಮಕ್ಕಳು ಇದರಲ್ಲಿ ಎಡವಿದರೆ ಅದು ಮಕ್ಕಳ ತಪ್ಪಲ್ಲ. ಇದು ನನಗೆ ತಿಳಿಯುವಷ್ಟರಲ್ಲಿ ನನ್ನ ಕೆಲಸದ ಅವಧಿ ಮುಗಿಯುತ್ತ ಬಂದಿತ್ತು.

ಭಾನುವಾರಗಳಲ್ಲಿಯೂ ನಾನು ಕಚೇರಿಗೆ ಬರುತ್ತೇನೆ. ಬೀಗದ ಕೈ ನನಗೂ ಕೊಟ್ಟಿದ್ದಾರೆ. ಮನೆಯಲ್ಲಿ ಸೂಪು ಬಿಸಿ ಮಾಡಿ ಕುಡಿದರೆ ಹನ್ನೆರಡೂವರೆಗೆ ದಿನ ಮುಗಿಯುತ್ತದೆ.

ಒಂದು ಉಪಕಾರ ಮಾಡಿ. ನಿಮ್ಮ ಕಡೆ ಮರ ಕೊಯ್ಯುವ ಗಂಡಸರು ಅಕ್ಟೋಬರ್‌ನಲ್ಲಿ ದೂರದ ಕಾಡುಗಳಿಗೆ ಹೊರಟಾಗ ಮನೆಯವರು ಊರ ಮೇಲಿನ ಕಲ್ಲಿನ ಶಿಲುಬೆಯವರೆಗೆ ಜೊತೆಗೆ ಹೋಗುತ್ತಾರೆಂದು ಕೇಳಿದ್ದೇನೆ. ಅಲ್ಲಿ ಹೊರಡುವವರು ಏನು ಹೇಳುತ್ತಾರೆ? ನೀವು ಕೇಳಿದ್ದುಂಟೆ?

ವಂದನೆಗಳೊಂದಿಗೆ,
ಇರೇನ್ ವೆರ್ಮೊರೆಲ್


ಲಾ ಶಾಮೆತ್, 16 ಮಾರ್ಚ್ 1958

ಮೇಡಂ,

ಶಿಲುಬೆಯ ಬಗ್ಗೆ ಕೇಳಿದ್ದೀರಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಈಗ ಯಾರೂ ಗರಗಸ ಹೊತ್ತು ಹೋಗುವುದಿಲ್ಲ, ಯಂತ್ರಗಳು ಬಂದಿವೆ. ಆಗ ಊರಿನ ಅರ್ಧ ಗಂಡಸರು ಅಕ್ಟೋಬರ್ ಮೊದಲ ವಾರ ಹೊರಟರೆ ಜೂನ್‌ವರೆಗೆ ಮುಖ ಕಾಣಿಸುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಬೆಟ್ಟ ಹತ್ತಿಳಿದು, ಆಚೆ ಕಣಿವೆಯ ಸ್ಟೇಷನ್ನಿನಲ್ಲಿ ರಾತ್ರಿಯ ರೈಲು ಹಿಡಿಯಬೇಕು. ಅಪ್ಪನ ಗಂಟನ್ನು ಶಿಲುಬೆಯವರೆಗೆ ಹೊರುವುದು ಮಕ್ಕಳ ಪಾಲಿನ ಕೆಲಸ. ಅಲ್ಲಿ ಗಂಟನ್ನು ಅಪ್ಪನ ಹೆಗಲಿಗೇರಿಸಬೇಕು. ಹೊರಡುವವನು ಹೋಗುತ್ತೇನೆ ಎನ್ನಬಾರದು. ಹೋಗುವುದು ಸತ್ತವರು. ‘ಬತ್ತೀನಿ’ ಎನ್ನಬೇಕು. ಮಗು ‘ಬಾ’ ಎನ್ನಬೇಕು. ಅಷ್ಟೇ ಮಾತು. ಮಗುವಿನ ಬಾಯಿಂದ ‘ಬಾ’ ಎನ್ನಿಸಿಕೊಳ್ಳದೆ ಹೊರಟವನ ವರ್ಷ ಸರಿಯಿರುವುದಿಲ್ಲ ಎಂದು ಊರಿನ ನಂಬಿಕೆ.

ಇದನ್ನು ಯಾರು, ಯಾವಾಗ, ಯಾರಿಗೆ ಹೇಳಿದರು ಎಂದು ಚೀಟಿಯಲ್ಲಿ ತುಂಬಲಾರೆ. ನನಗೆ ಯಾರೂ ಹೇಳಲಿಲ್ಲ. ನಾನು ಆ ವರ್ಷ ಶಿಲುಬೆಯ ಹತ್ತಿರ ಇರಲಿಲ್ಲ. ಎಲ್ಲಿದ್ದೆ ಎಂದು ನಿಮಗೆ ಗೊತ್ತಿರಬೇಕು.

ಕುದೇರ್ ಎಂಬುದು ಗಂಡನ ಮನೆಯ ಹೆಸರು. ನಾನು ಝೆಲೀ ಮೊಂತೇಯ್. ಮೂರನೇ ಬೆಂಚು, ಕಿಟಕಿ ಪಕ್ಕ. ಶಾಲೆಯಲ್ಲಿ ಫ್ರೆಂಚ್ ಬಿಟ್ಟು ನಮ್ಮ ಊರ ಮಾತು ಬಾಯಿಂದ ಬಿದ್ದ ಮಗುವಿನ ಕೊರಳಿಗೆ ದಾರ ಕಟ್ಟಿದ ಮರದ ತುಂಡು ನೇತುಹಾಕುತ್ತಿದ್ದಿರಲ್ಲ, ಅದನ್ನು ವಾರಕ್ಕೆ ನಾಲ್ಕು ದಿನ ಹಾಕಿಕೊಂಡವಳು. ನೀವು ಆಗ ಇಪ್ಪತ್ತೊಂದರ ಹುಡುಗಿ, ನಮಗೆ ಮಾತ್ರ ಮುದುಕಿ. ಆ ತುಂಡು ಕಟ್ಟಿದ ಕೈಯೇ ಇವತ್ತು ಅದೇ ಮಾತನ್ನು ದಯವಿಟ್ಟು ಬರೆದು ಕಳಿಸಿ ಎನ್ನುತ್ತಿದೆ. ನಿಮ್ಮ ಕಾಗದ ಓದಿ ನಾನು ಗಲ್ಲಾದ ಹಿಂದೆ ಕೂತು ನಕ್ಕೆ, ಆಮೇಲೆ ಬೈದೆ. ಗಿರಾಕಿಗಳು ನನಗೆ ಹುಚ್ಚು ಹಿಡಿಯಿತೆಂದುಕೊಂಡರು.

1926, ಅಕ್ಟೋಬರ್ 6, ಬುಧವಾರ. ಮಧ್ಯಾಹ್ನದ ಪಾಠ ಶುರುವಾಗಿತ್ತು. ಐದು ಮಕ್ಕಳು ಒಬ್ಬೊಬ್ಬರಾಗಿ ಎದ್ದು ಫ್ರೆಂಚಿನಲ್ಲಿ ಅಪ್ಪಣೆ ಕೇಳಿದರು. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನೀವು ಬಿಟ್ಟಿರಿ. ನಾನೂ ಬಾಯಿಪಾಠ ಮಾಡಿದ್ದೆ. ಎದ್ದು ನಿಂತಾಗ ಕಿಟಕಿಯಾಚೆ ಗಂಡಸರು ಚೌಕದಲ್ಲಿ ಸೇರುತ್ತಿರುವುದು ಕಂಡಿತು, ಕಲಿತದ್ದು ಮರೆತೇಹೋಯಿತು, ಬಾಯಿಂದ ಬಂದದ್ದು: “ಅವ್ವಾ, ನಮ್ಮಪ್ಪ ಹೊಂಟವ್ರೆ. ಶಿಲ್ಬೆ ತಾವ್ಕೆ ಬುಟ್ ಬತ್ತೀನಿ.”

“ಫ್ರೆಂಚಿನಲ್ಲಿ ಕೇಳು” ಎಂದಿರಿ. ಬರಲಿಲ್ಲ. ಗೋಡೆಗೆ ಮುಖ ಮಾಡಿಸಿ ಹಿಂದಿನ ಡೆಸ್ಕಿನಲ್ಲಿ ಕೂರಿಸಿ, ‘ಅಲೇ’ಯನ್ನು ಎಲ್ಲ ಕಾಲಗಳಲ್ಲಿಯೂ ಬರೆ ಎಂದಿರಿ.

ಅಪ್ಪ ಆವತ್ತು ಗುಂಪಿನೊಂದಿಗೆ ನಡೆಯದೆ ಹಿಂದೆ ಬಿದ್ದರಂತೆ. ದಾರಿಯಲ್ಲಿ ಕೂತು ಕುಡಿದಿರಬೇಕು ಎಂದರು ಊರವರು. ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ದೊಡ್ಡ ಗರಗಸಕ್ಕೆ ಇಬ್ಬರು ಬೇಕು, ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ. ಹದಿನಾಲ್ಕು ವರ್ಷ ಅಪ್ಪನ ಜೋಡಿಯಾಗಿದ್ದ ಕ್ಲೋವಿಸ್ ಒಂದು ದಿನ ಕಾದು ಬೇರೆಯವನೊಂದಿಗೆ ಸೇರಿಕೊಂಡ. ಅಪ್ಪನಿಗೆ ಸಿಕ್ಕಿದವನು ಕೆಲಸ ಗೊತ್ತಿಲ್ಲದ ಹೊಸಬ. ಫೆಬ್ರುವರಿಯಲ್ಲಿ ದಿಮ್ಮಿ ಜಾರಿತು. ಕೆಳಗಿದ್ದವರು ಅಪ್ಪ.

ಅಮ್ಮ ಇವತ್ತಿಗೂ ಅವರ ಹೆಸರು ಹೇಳುವುದಿಲ್ಲ. “ನಿನ್ನ ಆ ಕುಡುಕ ಅಪ್ಪ” ಎನ್ನುತ್ತಾಳೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಇಲ್ಲವೆನ್ನಲಾರೆ. ಅವರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಚೌಕದಿಂದ ಶಾಲೆಗೆ ಮೂವತ್ತು ಹೆಜ್ಜೆ. ಮಗಳೆಲ್ಲಿ ಎಂದು ಬಂದು ಒಂದು ಸಲ ಇಣುಕಬಹುದಿತ್ತಲ್ಲ? ಮಗಳಿಗಿಂತ ಬಾಟಲಿ ಹೆಚ್ಚಾಯಿತು. ನಲವತ್ತೊಂದು ವರ್ಷವಾಯಿತು ನನಗೆ, ಈಗಲೂ ಅದು ಚುಚ್ಚುತ್ತದೆ.

ಝೆಲೀ ಕುದೇರ್, ತವರಿನ ಹೆಸರು ಮೊಂತೇಯ್


ಲಿಯೋಂ, 30 ಮಾರ್ಚ್ 1958

ಶ್ರೀಮತಿ ಕುದೇರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಹೊಸ ಚೀಟಿಗಳನ್ನು ಕಳಿಸುತ್ತಿಲ್ಲ.

ಇ. ವೆರ್ಮೊರೆಲ್


ಲಾ ಶಾಮೆತ್, 14 ಏಪ್ರಿಲ್ 1958

ಅಯ್ಯೋ ಟೀಚರಮ್ಮ!

ಇಷ್ಟೇನಾ? ಎರಡು ಸಾಲು? ನಾಲ್ಕು ಪುಟ ಹೊಟ್ಟೆಯೊಳಗಿನದೆಲ್ಲ ಕಕ್ಕಿ ಕಳಿಸಿದವಳಿಗೆ ‘ತಲುಪಿತು’ ಎಂದರೆ ಏನರ್ಥ? ಅಂಚೆಯವನೂ ಅಷ್ಟು ಹೇಳಬಲ್ಲ. ನಾನೇನು ನಿಮ್ಮ ಕಿವಿ ಹಿಂಡಲು ಲಿಯೋಂಗೆ ಬರುವುದಿಲ್ಲ. ಸುಮ್ಮನೆ ಒಂದು ಮಾತು, ತಪ್ಪಾಯಿತು ಎಂದೋ, ನನಗೆ ನೆನಪೇ ಇಲ್ಲ ಎಂದೋ, ಏನಾದರೊಂದು ಬರೆಯಬಹುದಿತ್ತು. ನೆನಪಿಲ್ಲ ಎಂದಿದ್ದರೂ ನಂಬುತ್ತಿದ್ದೆ. ಎಷ್ಟೋ ಊರು, ಎಷ್ಟೋ ಮಕ್ಕಳು.

ಆದರೆ ಮೊನ್ನೆ ಪಾತ್ರೆ ತೊಳೆಯುವಾಗ ಒಂದು ಯೋಚನೆ ಬಂತು. ಶಿಲುಬೆಯ ವಿಷಯ ಯಾರಿಂದಲೋ ಕೇಳಿದ್ದೇನೆ ಎಂದು ಬರೆದವರು ನೀವು. ಯಾರಿಂದ ಕೇಳಿದಿರಿ? ಬೇಕಾದಷ್ಟು ಊರುಗಳಿರುವಾಗ ನಮ್ಮ ಊರಿಗೇ ಯಾಕೆ ಬರೆದಿರಿ?

ಝೆಲೀ


ಲಿಯೋಂ, 8 ಜೂನ್ 1958

ಝೆಲೀ,

ನಿನ್ನನ್ನು ಹೀಗೆಯೇ ಕರೆಯುತ್ತೇನೆ, ಒಂದು ಸಲ ಸೈರಿಸಿಕೊ. ಈ ಪತ್ರವನ್ನು ಎರಡು ತಿಂಗಳಿನಿಂದ ಬರೆಯುತ್ತಿದ್ದೇನೆ.

ಊರುಗಳ ಪಟ್ಟಿಯಲ್ಲಿ ಲಾ ಶಾಮೆತ್ ಇರಲಿಲ್ಲ. ನಾನೇ ಸೇರಿಸಿದೆ. ಮೊಂತೇಯ್ ಮನೆಯವರು ಯಾರಾದರೂ ಉಳಿದಿದ್ದಾರೆಯೆ ಎಂದು ನೇರವಾಗಿ ಕೇಳುವ ಧೈರ್ಯವಿಲ್ಲದೆ, ಒಂದು ಕ್ರಿಯಾಪದವನ್ನು ಮುಂದಿಟ್ಟುಕೊಂಡು ಕೇಳಿದೆ. ನೀನೇ ಉತ್ತರಿಸುವೆ ಎಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಿನ್ನ ಅಪ್ಪ ಶಾಲೆಗೆ ಬಂದಿದ್ದರು.

ನೀನು ಗೋಡೆಗೆ ಮುಖ ಮಾಡಿ ಕೂತು ಬರೆಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು, ನಾನು ಹೊರಗೆ ಹೋಗಿ ಬಾಗಿಲೆಳೆದುಕೊಂಡೆ. ಅವರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಕುಡಿದಿರಲಿಲ್ಲ. ನಾನು ಎರಡು ಅಡಿ ದೂರದಲ್ಲಿದ್ದೆ, ಝೆಲೀ. ಅವರ ಮೈಯಿಂದ ಬರುತ್ತಿದ್ದುದು ಸೋಪಿನ ವಾಸನೆ. ಮಗಳನ್ನು ಕಳಿಸಿ ಎಂದರು. ಪಾಠ ನಡೆಯುತ್ತಿದೆ ಎಂದೆ. ಮತ್ತೆ ಏನೋ ಹೇಳಹೊರಟರು. ಫ್ರೆಂಚಿನಲ್ಲಿ ಹೇಳಿ ಎಂದೆ. ನಿನಗೆ ಹೇಳಿದಂತೆಯೇ ಅವರಿಗೂ. ಅವರು ಪ್ರಯತ್ನಪಟ್ಟರು, ಎರಡು ಪದ ಬಂತು, ಆಮೇಲೆ ಬರಲಿಲ್ಲ. ನನ್ನ ತಂದೆಯ ವಯಸ್ಸಿನವರು ನನ್ನ ಮುಂದೆ ಕೆಂಪಾಗಿ ನಿಂತರು. ಕೊನೆಗೆ ತಮ್ಮ ಮಾತಿನಲ್ಲಿಯೇ ಹೇಳಿದರು:

“ನನ್ ಕೂಸಿಗ್ ಹೇಳ್ಬುಡಿ ತಾಯಿ. ಶಿಲ್ಬೆ ತಾವ ಎಲ್ಲಾ ಅವ್ರೆ, ಅಲ್ ಕಾಯಾಕಾಗಕಿಲ್ಲ. ಮೂರ್ನೇ ತಿರುವಿನ್ ಗಂಟ ಮೆಲ್ಲುಕ್ ನಡ್ದು ಅಲ್ಲಿ ನಿಂತಿರ್ತೀನಿ. ನೀವು ಬುಟ್ಟೇಟ್ಗೆ ಓಡ್ ಬರ್ಲಿ. ಅವ್ಳು ಬಾ ಅನ್ನೋಗಂಟ ನಾ ಹೊಂಡಾಕಿಲ್ಲ.”

ಒಂದಕ್ಷರವೂ ಬಿಡದೆ ನನಗೆ ಅರ್ಥವಾಯಿತು. ನನ್ನ ಅಜ್ಜಿ ಆಡುತ್ತಿದ್ದುದು ಅದೇ ಮಾತು. ಅರ್ಥವಾಗದವಳಂತೆ ನಿಂತೆ. ಆ ವಾರ ಇನ್‌ಸ್ಪೆಕ್ಟರ್ ಬರುವವರಿದ್ದರು. ಊರ ಮಾತಿಗೆ ಉತ್ತರಿಸಿದರೆ ಸೋತಂತೆ ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಫ್ರೆಂಚಿನಲ್ಲಿ ಹೇಳದ್ದು ಹೇಳಿದಂತೆಯೇ ಅಲ್ಲ. ಅವರು ನನ್ನ ಮುಖ ನೋಡಿದರು. ಹೇಳುತ್ತಾಳೆ ಎಂದು ನಂಬಿದರೋ ಏನೋ, ತಲೆಬಾಗಿ ಹೋದರು.

ನಾಲ್ಕು ಗಂಟೆಗೆ ಮಕ್ಕಳೆಲ್ಲ ಹೊರಟರು. ನೀನು ನೋಟ್‌ಬುಕ್ ತಂದೆ. ಭವಿಷ್ಯತ್ ರೂಪಗಳಲ್ಲಿ ಮೂರು ತಪ್ಪಿದ್ದವು. ಕೂರಿಸಿ ತಿದ್ದಿಸಿದೆ. ನಿನ್ನನ್ನು ಬಿಟ್ಟಾಗ ನಾಲ್ಕೂ ಇಪ್ಪತ್ತು. ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಆ ಮಾತು ನನಗೆ ತಿಳಿದಿತ್ತೆಂದು ನಿನಗೆ ಗೊತ್ತಾಗುತ್ತಿತ್ತು. ಮರುದಿನ ಗುರುವಾರ ರಜೆ, ಶುಕ್ರವಾರ ಏನಾದರೂ ಮಾಡಿ ಹೇಳೋಣ, ಜೂನ್‌ನಲ್ಲಿ ಬಂದೇ ಬರುತ್ತಾರಲ್ಲ ಎಂದುಕೊಂಡೆ. ಶುಕ್ರವಾರ ಹೇಳಲಿಲ್ಲ. ಫೆಬ್ರುವರಿಯಲ್ಲಿ ಸುದ್ದಿ ಬಂತು. ಆಮೇಲೆ ಹೇಗೆ ಹೇಳಲಿ? ಜುಲೈನಲ್ಲಿ ವರ್ಗ ಮಾಡಿಸಿಕೊಂಡು ಓಡಿಹೋದೆ. ಅವರು ಹಿಂದೆ ಬಿದ್ದದ್ದು ನನ್ನಿಂದ. ಜೋಡಿ ತಪ್ಪಿದ್ದು ನನ್ನಿಂದ. ಕುಡುಕ ಎಂಬ ಹೆಸರು ಬಂದದ್ದೂ ನನ್ನಿಂದ.

ನಾನು ಮದುವೆಯಾಗಲಿಲ್ಲ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹತ್ತಿರ ಬಂದವರಿಗೆ ಇದನ್ನು ಹೇಳಬೇಕಾಗುತ್ತಿತ್ತು. ಇದುವರೆಗೆ ಯಾರಿಗೂ ಹೇಳಿಲ್ಲ.

ಯಾರು: ಬ್ಲೇಸ್ ಮೊಂತೇಯ್. ಯಾವಾಗ: 6 ಅಕ್ಟೋಬರ್ 1926, ಮಧ್ಯಾಹ್ನ ಎರಡೂ ಕಾಲು. ಎಲ್ಲಿ: ಶಾಲೆಯ ಬಾಗಿಲಲ್ಲಿ. ಯಾರಿಗೆ: ನಿನಗೆ.

ಇರೇನ್ ವೆರ್ಮೊರೆಲ್


ಲಾ ಶಾಮೆತ್, 12 ಅಕ್ಟೋಬರ್ 1958

ಟೀಚರ್,

ಕ್ಷಮಿಸಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಪುಟ ತಿರುಗಿಸಿ ಹುಡುಕುತ್ತ ಕೂರಬೇಡಿ.

ನಿಮ್ಮ ಕಾಗದ ಬಂದ ದಿನ ಅಂಗಡಿಯ ಬಾಗಿಲು ಹಾಕಿದೆ. ನನ್ನ ಗಂಡ ಹೊಲದಿಂದ ಬಂದು ಏನಾಯಿತೆಂದು ಕೇಳಿದರೆ ಕಾಗದವನ್ನೇ ಕೈಗೆ ಕೊಟ್ಟೆ. ಅವನು ಮೆಲ್ಲಗೆ ಓದಿ, ಮಡಿಸಿ, “ನಿಮ್ಮಮ್ಮಂಗೆ ಓದಿ ಹೇಳು” ಎಂದ. ನನಗೆ ಧೈರ್ಯ ಬರಲು ಮೂರು ತಿಂಗಳಾಯಿತು. ಅಮ್ಮನಿಗೆ ಎಪ್ಪತ್ತೆರಡು. ಆ ಸಿಟ್ಟೊಂದನ್ನೇ ಹಿಡಿದುಕೊಂಡು ಇಷ್ಟು ವರ್ಷ ಬದುಕಿದವಳು. ಅದನ್ನು ಕಿತ್ತುಕೊಂಡರೆ ಏನಾಗುವಳೋ ಎಂಬ ಭಯ.

ಸೆಪ್ಟೆಂಬರ್ ಕೊನೆಯಲ್ಲಿ ಓದಿದೆ. ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದಳು. ಅಪ್ಪನ ಮಾತು ಬರುವವರೆಗೂ ಕೈ ನಿಲ್ಲಿಸಲಿಲ್ಲ. ಅದು ಮುಗಿದ ಮೇಲೆ “ಇನ್ನೊಂದ್ ಕಿತ ಓದು” ಎಂದಳು. ಓದಿದೆ. “ಸೋಪಿನ್ ವಾಸ್ನೇನಾ?” ಎಂದಳು. “ಹೂಂ ಅಮ್ಮ, ಹಾಗಂತ ಬರ್ದಿದಾರೆ.” ಆಮೇಲೆ ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು: “ಆವತ್ ಬೆಳಗ್ಗೆ ನಾನೇ ಬಿಸ್ನೀರ್ ಕಾಸ್ಕೊಟ್ಟಿದ್ನಲ್ಲೇ. ಗೊತ್ತಿತ್ತಲ್ಲೇ ನಂಗೆ. ಮೂವತ್ತೆರಡ್ ವರ್ಸ ಬೈದ್ನಲ್ಲೇ ಬ್ಲೇಸ್ನ.” ಅಪ್ಪನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅತ್ತಳು. ನಾನೂ ಅತ್ತೆ. ಬೀನ್ಸ್ ಹಾಗೇ ಉಳಿದವು.

ಮೊನ್ನೆ ಆರನೇ ತಾರೀಕು ಬಂತು. ಬೆಳಿಗ್ಗೆಯಿಂದ ನನ್ನ ಜೀವ ನಿಂತಲ್ಲಿ ನಿಲ್ಲಲಿಲ್ಲ. ನಾಲ್ಕಕ್ಕೆ ಶಾಲೆಯ ಗಂಟೆ ಹೊಡೆಯಿತು. ಏಪ್ರನ್ ಬಿಚ್ಚಿ ಗಲ್ಲಾದ ಮೇಲೆಸೆದು ಓಡಿದೆ. ಹೌದು, ಓಡಿದೆ. ಈ ಮೈ ಹೊತ್ತುಕೊಂಡು, ಈ ಮಂಡಿಗಳನ್ನಿಟ್ಟುಕೊಂಡು. ಮೇಯರ್ ಚೌಕದಲ್ಲಿ ನಿಂತು “ಎಲ್ಲಮ್ಮ ಬೆಂಕಿ ಬಿದ್ದಿರೋದು?” ಎಂದು ಕೂಗಿದರು. ಶಾಲೆಯ ಮಕ್ಕಳು ನಕ್ಕರು. ಶಿಲುಬೆ ದಾಟಿ, ಒಂದು, ಎರಡು, ಮೂರನೇ ತಿರುವು. ಉಸಿರು ಸಿಕ್ಕದೆ ಕಲ್ಲಿನ ಮೇಲೆ ಕುಸಿದೆ. ಅಲ್ಲಿ ಯಾರೂ ಇರಲಿಲ್ಲ ಎಂದು ಬರೆಯಬೇಕೇನು? ಆದರೂ ಸುತ್ತ ನೋಡಿದೆ. ಆಮೇಲೆ ‘ಬಾ’ ಎಂದೆ. ಜೋರಾಗಿಯೇ ಎಂದೆ.

ಅಲ್ಲಿಗೇ ಮುಗಿದಿದ್ದರೆ ನಿಮಗೆ ಈ ಕಾಗದ ಬರೆಯುತ್ತಿರಲಿಲ್ಲ. ಎದ್ದು ಹಿಂದಿರುಗುವಾಗ ಕೆಳಗೆ ನೋಡಿದೆ. ಈ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಆ ದಾರಿಯಲ್ಲಿ ಸಾವಿರ ಸಲ ಹೋಗಿದ್ದೇನೆ, ಅಲ್ಲಿ ನಿಂತು ನೋಡಿರಲಿಲ್ಲ. ಮೂರನೇ ತಿರುವಿನಿಂದ ಶಾಲೆಯ ಬಾಗಿಲು ಕೈಯಲ್ಲಿ ಹಿಡಿದಷ್ಟು ಚೆನ್ನಾಗಿ ಕಾಣುತ್ತದೆ. ಕೊನೆಯ ಮಗು ಚೀಲ ಎಳೆದುಕೊಂಡು ಹೊರಬರುತ್ತಿತ್ತು. ಅದರ ಕೆಂಪು ಕಾಲುಚೀಲವೂ ಕಾಣಿಸಿತು.

ಅಪ್ಪ ಆ ಜಾಗವನ್ನು ಆರಿಸಿದ್ದು ಅದಕ್ಕೇ. ನಾಲ್ಕಕ್ಕೆ ಮಕ್ಕಳು ಬಂದದ್ದನ್ನು ನೋಡಿದರು, ನಾನಿರಲಿಲ್ಲ. ಕಾದರು. ನಾಲ್ಕೂ ಇಪ್ಪತ್ತಕ್ಕೆ ನಾನು ಹೊರಗೆ ಬಂದೆ. ಆವತ್ತು ನಾನು ಮೇಲಿನ ದಾರಿಯ ಕಡೆ ತಲೆಯನ್ನೂ ಎತ್ತಲಿಲ್ಲ, ಟೀಚರ್. ಸಿಟ್ಟು ಬಂದಿತ್ತು. ನೇರ ಕೆಳಗೆ ಮನೆಗೆ ಹೋದೆ. ಅವರು ಅದನ್ನು ಅಲ್ಲಿಂದ ನೋಡಿದರು. ಹೇಳಿ ಕಳಿಸಿದ್ದೇನೆ, ಆದರೂ ಮಗಳು ಬರಲಿಲ್ಲ, ಬೆನ್ನು ತಿರುಗಿಸಿ ಹೋದಳು ಎಂದುಕೊಂಡೇ ಹೋದರು. ಕಾಡಿನಲ್ಲಿ ನಾಲ್ಕು ತಿಂಗಳು ಅದನ್ನೇ ಅಂದುಕೊಂಡಿದ್ದು ಸತ್ತರು. ಬಂದು ಇಣುಕಲಿಲ್ಲ ಎಂದು ನಾನು ಅವರನ್ನು ಬೈದೆ. ಅವರು ನನ್ನನ್ನು ಬೈದುಕೊಂಡರೋ ಇಲ್ಲವೋ ಗೊತ್ತಿಲ್ಲ. ಬೈಯುವ ಜಾತಿಯವರಲ್ಲ ಅವರು, ಸುಮ್ಮನೆ ನೊಂದುಕೊಂಡಿರುತ್ತಾರೆ.

ಇದನ್ನು ಅಮ್ಮನಿಗೆ ಹೇಳಲಾರೆ. ನನ್ನ ಗಂಡನಿಗೂ ಹೇಳಿಲ್ಲ. ಹೇಳಬಹುದಾದವರು ಈ ಭೂಮಿಯ ಮೇಲೆ ನೀವೊಬ್ಬರೇ, ನನ್ನ ಹಣೆಬರಹ ನೋಡಿ.

ಬನ್ನಿ. ಕಾಲು ಹಿಡಿಯಲು ಬರಬೇಡಿ, ನನಗೆ ಅದು ಬೇಕಿಲ್ಲ. ಮುಂದಿನ ಅಕ್ಟೋಬರ್ ಆರಕ್ಕೆ ಬಂದು ಶಾಲೆಯ ಬಾಗಿಲಲ್ಲಿ ನಿಲ್ಲಿ. ನಾನು ಮೂರನೇ ತಿರುವಿನಲ್ಲಿ ಅವರು ನಿಂತ ಕಡೆ ನಿಂತಿರುತ್ತೇನೆ. ನಾಲ್ಕೂ ಇಪ್ಪತ್ತಕ್ಕೆ ನೀವು ಆ ಬಾಗಿಲಿನಿಂದ ಹೊರಟು ಕೆಳಗೆ ತಿರುಗದೆ ಮೇಲಕ್ಕೆ ಬನ್ನಿ. ಎಷ್ಟು ಹೊತ್ತಾದರೂ ಆಗಲಿ, ಕಾಯುತ್ತೇನೆ. ಒಂದು ಸಲವಾದರೂ ಯಾರಾದರೂ ಆ ದಾರಿ ಹತ್ತಿ ಬರುವುದನ್ನು ನಾನು ಅಲ್ಲಿಂದ ನೋಡಬೇಕು.

ಝೆಲೀ


ಲಿಯೋಂ, 16 ಅಕ್ಟೋಬರ್ 1958

ಝೆಲವ್ವ,

ಈ ಮಾತಲ್ಲಿ ಬರ್ದು ನಂಗೆ ಅಭ್ಯಾಸ ಇಲ್ಲ ಕಣವ್ವ, ನಮ್ಮಜ್ಜಿ ಹೋದ್ಮೇಲೆ ಆಡೂ ಇಲ್ಲ. ತಪ್ಪಿದ್ರೆ ನೀನೇ ತಿದ್ಕೊ.

ಬರೋ ವರ್ಸದ್ ಗಂಟ ಕಾಯಾಕ್ ನನ್ ಕೈಲಾಗಕಿಲ್ಲ. ಶನ್ವಾರದ್ ಬಸ್ಸಿಗೆ ಬತ್ತೀನಿ. ಬೆಟ್ಟ ಹತ್ತಾಕೆ ನಂಗ್ ವಸಿ ಹೊತ್ತಾಯ್ತದೆ, ಅಲ್ಲೇ ಇರು.

ಇರೇನ್